ರಾಟೆಯ ಮುಂದಿನ ಪರೀಕ್ಷೆ

ಮೂರನೇ ತರಗತಿಗೇ ಶಾಲೆ ಬಿಟ್ಟ ಕಾರ್ತ್ಯಾಯನಿ ಅರವತ್ತೆಂಟರ ವಯಸ್ಸಿನಲ್ಲಿ ಹಲ್ಲಿನ ಡಾಕ್ಟರಿಂದ ಪಾಠ ಒಪ್ಪಿಸಿಕೊಳ್ಳತೊಡಗಿದಳು. ಚೇರ್ತಲದ ಮರಳಂಗಳದಲ್ಲಿ ಮಗಳು ಬಿಂದುಜ ಒಂದು ಕೈಯಲ್ಲಿ ರಾಟೆ ತಿರುಗಿಸುತ್ತ, ತೊಡೆಯ ಮೇಲಿನ ಪುಸ್ತಕದಿಂದ ಪ್ರಶ್ನೆ ಓದಿ, ಪುಸ್ತಕ ಮುಚ್ಚಿ ಉತ್ತರ ಹೇಳುವಳು. ತಾಯಿ ಮಡಿಲ ತೆಂಗಿನ ನಾರನ್ನು ಹುರಿಗೆ ಕೊಡುತ್ತ ರಾಟೆಯಿಂದ ಹಿಂದೆ ಹಿಂದೆ ನಡೆಯುವಳು. ಉತ್ತರ ತಪ್ಪಿತೋ, ಗಕ್ಕನೆ ನಿಲ್ಲುವಳು.

"ನಿಂಗೆ ಹೆಂಗಮ್ಮ ಗೊತ್ತಾಗತ್ತೆ?"

"ಕ್ರಿಮಿ ಹೆಸರು ನಂಗ್ಯಾಕೆ? ನಿನ್ ದನಿ ಜಾರತ್ತೆ ಕಣೇ. ಬೆಲ್ಲ ಕದ್ದು 'ನಾನಲ್ಲ' ಅಂತಿದ್ದೆಯಲ್ಲ, ಆಗ್ಲೂ ಹಿಂಗೇ."

ಸರ್ಕಾರಿ ದಂತವೈದ್ಯೆಯ ಹುದ್ದೆಯ ಪರೀಕ್ಷೆಯಲ್ಲಿ ಬಿಂದುಜ ಎರಡು ಸಲ ಎಡವಿದ್ದಳು. ಎರಡು ಸಲವೂ ಕಾಲು ತೊಡರಿದ್ದು ರೋಗಶಾಸ್ತ್ರ, ಸೂಕ್ಷ್ಮಜೀವಿಗಳ ಪ್ರಶ್ನೆಗಳಲ್ಲಿ. ವಯಸ್ಸಿನ ಮಿತಿಯಿಂದ ಇದೇ ಕೊನೆಯ ಸಲ.

ಅದರಲ್ಲೂ ಬಾಯಿಯ ಬಿಳಿ ಕಲೆಗಳನ್ನು ಅವಳು ಪ್ರತಿಸಲ ಅದಲುಬದಲು ಮಾಡುವಳು. "ಹತ್ತೀಲಿ ಒರೆಸಿದ್ರೆ ಎದ್ದು ಬರೋದು ಬೂಷ್ಟು. ಬಾರದೇ ಇದ್ರೆ... ಚೂರು ತೆಗೆದು ಪರೀಕ್ಷೆ. ವೀಳ್ಯ, ಹೊಗೆಸೊಪ್ಪು ಹಾಕೋರಿಗೆ ಜಾಸ್ತಿ. ಬಿಟ್ರೆ ಕ್ಯಾನ್ಸರ್ ಆಗ್ಬಹುದು."

ಆ ಮಧ್ಯಾಹ್ನ ಕಾರ್ತ್ಯಾಯನಿ ಬಾವಿಯ ಹಿಂದೆ ನಿಂತು ಸೆರಗಿನ ತುದಿಯಿಂದ ಕೆನ್ನೆಯ ಒಳಗೆ ಉಜ್ಜಿಕೊಂಡಳು. ಮೂರು ತಿಂಗಳಿಂದ ನಾಲಿಗೆಗೆ ಒರಟಾಗಿ ತಾಗುತ್ತಿದ್ದ ಜಾಗ. ಕನ್ನಡಿಯಲ್ಲಿ ನೋಡಿದರೆ ಬೆಳ್ಳಗೆ ಹಾಗೆಯೇ ಕೂತಿತ್ತು.

ಪರೀಕ್ಷೆಗೆ ಇನ್ನು ಹನ್ನೆರಡು ದಿನ. ಹೇಳಿದರೆ ಮಗಳು ಪುಸ್ತಕ ಬಿಸಾಡಿ ಆಸ್ಪತ್ರೆಗೆ ಓಡುತ್ತಾಳೆ. ಕಾರ್ತ್ಯಾಯನಿ ತನ್ನ ಎಲೆ-ಹೊಗೆಸೊಪ್ಪಿನ ಡಬ್ಬಿ ಮುಚ್ಚಿಟ್ಟು, ತುಟಿ ಬಿಗಿದು ನಾರು ಹಿಡಿದಳು.

ಮರುದಿನ ಬಿಂದುಜ ಓದು ನಿಲ್ಲಿಸಿದಳು. "ಅಮ್ಮಾ, ಬೆಳಿಗ್ಗೆಯಿಂದ ಎಲೆ ಹಾಕಿಲ್ವಲ್ಲ?"

"ಬೇಡ ಅನ್ನಿಸ್ತು."

ರಾಟೆ ನಿಂತಿತು. "ಈಗ ನಿನ್ ದನಿ ಜಾರ್ತು. ಬಾಯಿ ತೆಗಿ."

"ಪರೀಕ್ಷೆ ಮುಗೀಲಿ, ಮಗಳೇ..."

"ತೆಗಿ ಅಂದೆ!"

ಮಾರನೆಯ ದಿನವೇ ಇಬ್ಬರೂ ಆಲಪ್ಪುಳದ ಬಸ್ಸು ಹತ್ತಿದರು. ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಚೂರು ತೆಗೆಸಿಕೊಂಡ ಕೆನ್ನೆಗೆ ಹತ್ತಿ ಇಟ್ಟುಕೊಂಡೇ ಕಾರ್ತ್ಯಾಯನಿ "ಓದೇ" ಎಂದು ಕೈಸನ್ನೆ ಮಾಡುತ್ತಿದ್ದಳು.

ಪರೀಕ್ಷೆಗೆ ಎರಡು ದಿನವಿರುವಾಗ ವರದಿ ಬಂತು. ಕ್ಯಾನ್ಸರ್ ಅಲ್ಲ. ಹೊಗೆಸೊಪ್ಪು ಮುಟ್ಟಕೂಡದು, ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಬಿಂದುಜ ಆ ಕಾಗದವನ್ನು ಹತ್ತು ಸಲ ಓದಿದಳು, ಪುಸ್ತಕವನ್ನೂ ಅಷ್ಟು ಗಮನವಿಟ್ಟು ಓದಿರಲಿಲ್ಲ.

ಪರೀಕ್ಷೆ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ರಾಟೆಯ ಮುಂದೆ ಕೂತಳು.

"ಬಿಳಿ ಕಲೆ ಬಂದಿತ್ತೇನೇ?" ಕಾರ್ತ್ಯಾಯನಿ ಬಾಯಲ್ಲಿದ್ದ ಲವಂಗವನ್ನು ಆಚೆ ಕೆನ್ನೆಗೆ ಸರಿಸಿ ಕೇಳಿದಳು.

"ಬಂದಿತ್ತು. ಒರೆಸಿದ್ರೆ ಹೋಗೋದು ಯಾವ್ದು, ಹೋಗದ್ದು ಯಾವ್ದು ಅಂತ."

"ಯಾವ ಉತ್ತರಕ್ಕೆ ಗುರುತು ಹಾಕಿದೆ?"

ಬಿಂದುಜ ರಾಟೆ ತಿರುಗಿಸುತ್ತ ಹೇಳಿದಳು. ಕಾರ್ತ್ಯಾಯನಿ ಕಿವಿಗೊಟ್ಟು, ಎಲ್ಲೂ ನಿಲ್ಲದೆ, ಅಂಗಳದ ಕೊನೆಯ ತೆಂಗಿನವರೆಗೂ ಹುರಿ ಬಿಡುತ್ತ ಹಿಂದೆ ಹಿಂದೆ ನಡೆದಳು.