ಒನಕೆಯ ಕತ್ತು, ಹಲಸಿನ ಮೈ

ಮಂಡಿ ಮೊಹಲ್ಲಾದಲ್ಲಿ ಮಹದೇವುವಿನ ಹಳೇ ಮರಮುಟ್ಟಿನ ಅಂಗಡಿ ಎಲ್ಲಿ ಎಂದು ಕೇಳಿದರೆ, ಜಗಳದ ಸದ್ದು ಬರುವ ಕಡೆ ಹೋಗಿ ಅನ್ನುತ್ತಾರೆ. ಸುಳ್ಳಲ್ಲ. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಜಂತೆ, ಕಂಬ ತಂದು ಮಾರುವುದು ಅವನ ಕಸುಬು. ಬಂದ ಗಿರಾಕಿ ಹಲಗೆಯನ್ನು ಒದ್ದು ನೋಡಿದರೆ ಸಾಕು, ಮಹದೇವುವಿಗೆ ಪಿತ್ತ ನೆತ್ತಿಗೇರುತ್ತದೆ. "ನಿಮ್ಮಪ್ಪನ್ನ ಒದೀತೀರೇನ್ರೀ? ಇದಕ್ಕೆ ನಿಮ್ಮಪ್ಪನಿಗಿಂತ ವಯಸ್ಸಾಗದೆ."

ಹಾಗಂತ ಅವನನ್ನು ಕೆಟ್ಟವನು ಅನ್ನಬೇಡಿ. ಕಾಡುಮರಕ್ಕೆ ಬಣ್ಣ ಬಳಿದು ಬೀಟೆ ಎಂದು ನಗುನಗುತ್ತಾ ಮಾರುವವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಮಹದೇವು ಬೈದುಕೊಂಡೇ ಒಳ್ಳೇ ಮಾಲು ಕೊಡುತ್ತಾನೆ. ನಂಜನಗೂಡಿನ ಕಡೆಯ ಬೇಸಾಯದ ಮನೆಯವನು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರ ಜೊತೆ ಜಗಳವಾಡಿ ಸ್ಲೇಟು ಬಿಸಾಕಿದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಹನ್ನೆರಡಕ್ಕೆ ಮೈಸೂರಿನ ಸಾಮಿಲ್ಲಿಗೆ ಬಂದು ಹೊಟ್ಟು ಗುಡಿಸಿದ, ಇಪ್ಪತ್ತಕ್ಕೆ ಗರಗಸ ಹಿಡಿದ, ಮೂವತ್ತೈದಕ್ಕೆ ಸ್ವಂತ ತಗಡಿನ ಶೆಡ್ಡು ಹಾಕಿದ. ಈಗ ಐವತ್ತೆರಡು. ಕಣ್ಣು ಮುಚ್ಚಿಕೊಂಡು ಮೂಸಿದರೂ ತೇಗವೋ ಹೊನ್ನೆಯೋ ಹೇಳುತ್ತಾನೆ. ಮುಖದಲ್ಲಿ ಮಿಕ್ಕಿದ್ದೆಲ್ಲ ಸಾಮಾನ್ಯ, ಮೀಸೆ ಮಾತ್ರ ನೋಡುವಂಥದ್ದು. ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ತಿರುವದೆ ಅಂಗಡಿಯ ಬೀಗ ತೆಗೆಯುವವನಲ್ಲ.

ಹೋದ ವರ್ಷ ಯುಗಾದಿ ಕಳೆದು ವಾರವಾಗಿತ್ತು. ಒಂದು ಹುಡುಗಿ ಬಂದಳು. ತನುಶ್ರೀ ಅಂತ, ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸ. ಬೆಳಗಿನ ಶಿಫ್ಟು ಮುಗಿಸಿ ಬಸ್ಸಿಳಿದು ನೆಟ್ಟಗೆ ಬಂದಿದ್ದಳು, ಕೊರಳಿನ ಗುರುತಿನ ಚೀಟಿ ಕೂಡ ತೆಗೆದಿರಲಿಲ್ಲ.

"ಅಂಕಲ್, ನಾನೊಂದು ಎಲೆಕ್ಟ್ರಿಕ್ ಗಿಟಾರ್ ಮಾಡ್ತಿದೀನಿ. ಎರಡು ಥರದ ಮರ ಬೇಕು. ಒಂದು ತಿಳಿ ಬಣ್ಣ, ಒಂದು ಕಪ್ಪು. ಒಂದರ ಪಕ್ಕ ಒಂದು ಎದ್ದು ಕಾಣಬೇಕು." ಮೊಬೈಲು ತೆಗೆದು ಯಾವುದೋ ದೇಶದ ಮರಗಳ ಫೋಟೊ ತೋರಿಸಿದಳು.

"ಕರೆಂಟಿನ ಗಿಟಾರಿಗೆ ಎಂಥಾ ಮರ ಆದ್ರೇನವ್ವ? ಸದ್ದು ಪೆಟ್ಟಿಗೆಯಿಂದ ತಾನೆ ಬರೋದು?"

"ತಂತಿ ಎಳೆಯೋದು ಮರಾನೇ ಅಲ್ವಾ ಅಂಕಲ್. ಆರು ತಂತಿ ಸೇರಿದ್ರೆ ಒಂದು ಸಿಮೆಂಟ್ ಮೂಟೆ ನೇತು ಹಾಕಿದಷ್ಟು ಭಾರ. ಹಗಲೂ ರಾತ್ರಿ. ಕತ್ತು ಚೂರು ಬಗ್ಗಿದ್ರೂ ಸ್ವರ ಹೋಯ್ತು."

ಮಹದೇವು ಬೀಡಿ ಆರಿಸಿದ. ಭಾರ ಹೊರುವ ಮರ ಅಂದಮೇಲೆ ಅದು ಅವನ ಸಮಾಚಾರ. ಫೋಟೊ ನೋಡಲೂ ಇಲ್ಲ. ಶೆಡ್ಡಿನ ಮೂಲೆಯಿಂದ, ಲಕ್ಷ್ಮೀಪುರಂನಲ್ಲಿ ಕೆಡವಿದ ಮನೆಯದೊಂದು ಬಾಗಿಲ ಹಲಗೆ ಎಳೆದು ತಂದ. ಹೊಗೆ, ಎಣ್ಣೆ, ಬಣ್ಣ ಕೂತು ಸಗಣಿಯ ಹಾಗೆ ಕಾಣುತ್ತಿತ್ತು. ತನುಶ್ರೀ ಮೂಗು ಮುರಿದಳು. ಅವನು ಉಜ್ಜುಗೊರಡು ಹಿಡಿದು ನಾಲ್ಕು ಸಲ ಎಳೆದ. ಕೆಳಗಿನಿಂದ ಜೇನಿನ ಬಣ್ಣ ಎದ್ದಿತು. ನೀರಿನ ಕೈಯಾಡಿಸಿದ. ಹಲಗೆ ಹೊನ್ನಿನ ಹಾಗೆ ಹೊಳೆಯಿತು.

"ಹಲಸು. ಇದು ಮೈಗೆ." ಆಮೇಲೆ ಅದೇ ಮನೆಯ ತೇಗದ ಜಂತೆಯೊಂದನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳಿದ. "ಇದು ಕತ್ತಿಗೆ. ಆದ್ರೆ ಒಂದೇ ಸಾಲದು. ಮಧ್ಯೆ ಇನ್ನೊಂದು ಪಟ್ಟಿ ಬೇಕು, ಕರೀದು, ಇದಕ್ಕಿಂತ ಗಟ್ಟಿದು."

"ಬಣ್ಣ ಹೊಂದುತ್ತಾ ಅಂಕಲ್?"

"ಬಣ್ಣ ಕೊನೇಗೆ ನೋಡೋದು ಕಣವ್ವ, ಮೊದ್ಲು ಗುಣ. ಎರಡೂ ಬಿರುಸಾದ್ರೆ ಅಂಟು ಬಿಟ್ಕೊಳ್ತವೆ, ನನ್ನಂಥೋರಿಬ್ರನ್ನ ಒಂದೇ ಮನೇಲಿಟ್ಟಂಗೆ. ಎರಡೂ ಮೆತ್ತಗಾದ್ರೆ ಜೋತು ಬೀಳ್ತವೆ. ಒಂದು ಎಳೀಬೇಕು, ಒಂದು ತಡೀಬೇಕು."

ಆ ಕರಿ ಮರ ಮಾತ್ರ ಸಿಗಲಿಲ್ಲ. ಅಂಗಡಿಯಲ್ಲಿದ್ದ ಬೀಟೆಯ ಮಂಚದ ಕಾಲು ಹುಳು ತಿಂದಿತ್ತು. ಬೇರೆ ಅಂಗಡಿಗಳಿಗೆ ಹೋಗಿ ನೋಡಿದ, ಎರಡು ಕಡೆ ಜಗಳವಾಡಿಕೊಂಡು ಬಂದ. ವಾರ ಕಳೆಯಿತು.

ಒಂದು ಭಾನುವಾರ ಮನೆ ಜಗಲಿಯಲ್ಲಿ ಕೂತಿದ್ದ. ಪಕ್ಕದ ಮನೆಯ ಸುಮಿತ್ರಮ್ಮ ಮಗಳ ಮದುವೆ ಮುಗಿಸಿಕೊಂಡು ಒನಕೆ ವಾಪಸ್ಸು ತಂದರು. ಅದು ಮಹದೇವುವಿನ ತಾಯಿ ದೇವಿರಮ್ಮನದು. ಆ ಬೀದಿಯಲ್ಲಿ ಮಿಕ್ಸಿ ಎಲ್ಲರ ಮನೆಯಲ್ಲೂ ಇದೆ, ಒನಕೆ ಇರುವುದು ಒಬ್ಬರ ಮನೆಯಲ್ಲೇ. ಮದುವೆಗೆ ಮುಂಚೆ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಯಾರಾದರೂ ಇಲ್ಲಿಗೇ ಬರಬೇಕು. ಕಗ್ಗಲಿ ಮರದ ಚೇಗು, ಅಂದರೆ ನಡುವಿನ ಗಟ್ಟಿ ತಿರುಳು, ಅರವತ್ತು ವರ್ಷ ಕೈಯಲ್ಲಿ ಸವೆದು ಕಾಡಿಗೆಯ ಹಾಗೆ ಕಪ್ಪಾಗಿತ್ತು. ಆ ಕಪ್ಪಿನ ಮೇಲೆ ಅರಿಶಿನ ಮೆತ್ತಿಕೊಂಡಿತ್ತು. ಕಪ್ಪು, ಅದರ ಪಕ್ಕ ಹಳದಿ. ಮಹದೇವು ಎದ್ದು, ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆ ತಿರುಗಿದ.

"ಅವ್ವ, ಈ ಒನಕೆ ಬೇಕು."

"ಯಾರ ಮದುವೆ?"

"ಮದುವೆ ಇಲ್ಲ. ಕುಯ್ಯಬೇಕು."

ಮಹದೇವುವಿಗೆ ಆ ಸಿಟ್ಟು ಎಲ್ಲಿಂದ ಬಂತು ಎನ್ನುವುದು ಅವತ್ತು ಸುಮಿತ್ರಮ್ಮನಿಗೆ ಗೊತ್ತಾಯಿತು. "ನಿನ್ನ ನಾಲಿಗೆ ಕುಯ್ಯ. ಅದು ನನ್ನ ತೌರಿಂದು ಕಣ್ಲಾ. ಈ ಬೀದೀಲಿ ಮುವತ್ತು ಹೆಣ್ಮಕ್ಕಳಿಗೆ ಅದ್ರಲ್ಲೇ ಅರಿಶಿನ ಕುಟ್ಟವ್ರೆ." ಅವನು ತಿರುಗಿ ಕೂಗದೆ ತನುಶ್ರೀಯ ಗಿಟಾರಿನ ವಿಷಯ ಹೇಳಿದ. ಅವ್ವನ ಮುಂದೆ ಮಾತ್ರ ಅವನ ದನಿ ಏಳುವುದಿಲ್ಲ. ಎರಡು ದಿನ ಬಿಟ್ಟು ದೇವಿರಮ್ಮನೇ ಹೇಳಿದಳು: "ಆ ಹುಡುಗೀನ ಕರ್ಕೊಂಡು ಬಾ. ಮುಖ ನೋಡ್ತೀನಿ."

ತನುಶ್ರೀ ಬಂದು ಅಡುಗೆಮನೆಯ ಮಣೆಯ ಮೇಲೆ ಕೂತಳು.

"ನೀನೇ ಬಾರ್ಸೋದಾ?"

"ಹೂಂ ಅಜ್ಜಿ."

"ಮದುವೆ ಆದ್ಮೇಲೂ?"

"ಬಾರಿಸ್ಬೇಡ ಅನ್ನೋ ಮನೆಗೆ ನಾನು ಹೋಗೋದೇ ಇಲ್ಲ ಅಜ್ಜಿ."

ದೇವಿರಮ್ಮ ಮಗನ ಕಡೆ ತಿರುಗಿ, "ಮೇಲಿನ ಅರ್ಧ ಕುಯ್ಕೊ. ಕಬ್ಬಿಣದ ಬಳೆ ಇರೋ ಅರ್ಧ ನಂದು. ನಿಂತ್ಕೊಂಡು ಕುಟ್ತಿದ್ದೋರು ಇನ್ಮೇಲೆ ಕೂತ್ಕೊಂಡು ಕುಟ್ಲಿ. ಈಗಿನೋರಿಗೆ ಸೊಂಟಾನೂ ಇಲ್ಲ" ಅಂದಳು.

ಮಹದೇವು ಸೀಳಿ ಕೊಟ್ಟ, ತನುಶ್ರೀ ರಜೆಯ ದಿನಗಳಲ್ಲಿ ಶೆಡ್ಡಿನಲ್ಲೇ ಕೂತು ಅರ ಹಿಡಿದು ರೂಪ ಕೊಟ್ಟಳು. ಕತ್ತಿಗೆ ತೇಗ, ಮಧ್ಯೆ ಒನಕೆಯ ಕರಿ ಪಟ್ಟಿ, ಮತ್ತೆ ತೇಗ. ಮೂರನ್ನೂ ಅಂಟಿಸಿಕೊಂಡು ಸರಸ್ವತಿಪುರಂನ ದಿಲೀಪನ ಅಂಗಡಿಗೆ ಹೋದರು. ದಿಲೀಪ ಗಿಟಾರ್ ರಿಪೇರಿಯಲ್ಲಿ ಹೆಸರು ಮಾಡಿದವನು. ತಂತಿ, ವೈರು, ಲೋಹದ ಮೆಟ್ಟು ಕೂರಿಸುವುದೆಲ್ಲ ಅವನದು. ಅವನು ಆ ಕತ್ತನ್ನು ಎರಡು ತುದಿ ಹಿಡಿದು ಮಂಡಿಗೆ ಒತ್ತಿದ. ಟಪ್ ಎಂದಿತು. ಅಂಟು ಬಿಟ್ಟುಕೊಂಡು ತೇಗ ಒಂದು ಕಡೆ, ಒನಕೆ ಒಂದು ಕಡೆ.

ಅಂಗಡಿಯಲ್ಲಿದ್ದ ಮೂರು ನಾಲ್ಕು ಜನ ಹುಡುಗರು ನಕ್ಕರು. ದಿಲೀಪನೂ ನಕ್ಕ. "ಮಹದೇವಣ್ಣ, ಬಾಗಿಲಿನ ಮರ ಬಾಗಿಲಿಗೇ ಇರ್ಲಿ ಬುಡು. ತೇಗದಲ್ಲಿ ಎಣ್ಣೆ ಇರ್ತದೆ, ಅಂಟು ಹಿಡಿಯಲ್ಲ. ಹಿಡಿದ್ರೂ ಒಂದು ಮಳೆಗಾಲಕ್ಕೆ ಬಿಲ್ಲಾಗ್ತದೆ. ನಾನು ಹೊರಗಿನ ಮರ ತರಿಸಿ ಕೊಡ್ತೀನಿ."

ತನುಶ್ರೀ ತಲೆ ತಗ್ಗಿಸಿದಳು. ಮಹದೇವುವಿನ ಕಿವಿ ಕೆಂಪಗಾಯಿತು. "ಹಿಡಿಸ್ತೀನಿ. ಹಿಡಿಸಿ, ಒಂದು ಮಳೆಗಾಲ ನನ್ನ ತಗಡಿನ ಶೆಡ್ಡಲ್ಲೇ ನೇತಾಕ್ತೀನಿ. ಆಯುಧ ಪೂಜೆ ದಿನ ಬಂದು ನೋಡು. ಕತ್ತು ಬಗ್ಗಿದ್ರೆ ಈ ಮೀಸೆ ಬೋಳಿಸ್ತೀನಿ, ನಿನ್ನ ಅಂಗಡಿ ಮುಂದೇನೇ."

"ಬಗ್ಗದೆ ಹೋದ್ರೆ?"

"ನಿನ್ನ ಮುಂದಿನ ಗಿಟಾರಿಗೆ ಹಲಸಿನ ಹಲಗೆ ನಂದೇ. ಹೆಗಲ ಮೇಲೆ ಹೊತ್ಕೊಂಡು ನನ್ನಂಗಡಿಯಿಂದ ಇಲ್ಲೀಗಂಟ ನಡೀಬೇಕು. ಆಟೋ ಗೀಟೋ ಇಲ್ಲ."

ದಿಲೀಪ ಕೈ ಚಾಚಿದ. ಮಾತಾಯಿತು.

ತಪ್ಪು ಎಲ್ಲಾಯಿತು ಎಂದು ಮಹದೇವುವಿಗೆ ದಾರಿಯಲ್ಲೇ ಹೊಳೆದಿತ್ತು. ಶನಿವಾರ ಉಜ್ಜಿ ಸೋಮವಾರ ಅಂಟಿಸಿದ್ದ. ಅಷ್ಟರಲ್ಲಿ ತೇಗದ ಎಣ್ಣೆ ಮೇಲಕ್ಕೆ ಬಂದು ಕೂತಿತ್ತು. ಬಾಗಿಲಿಗಾದರೆ ಮೊಳೆ ಇರುತ್ತದೆ, ಅಂಟಿನ ಮೇಲೆ ಭಾರ ಬೀಳುವುದಿಲ್ಲ. ಮೂವತ್ತು ವರ್ಷದ ಕಸುಬು ಅವನಿಗೆ ಈ ಮಾತನ್ನು ಹೇಳಿರಲಿಲ್ಲ. ಈ ಸಲ ಉಜ್ಜಿದ ತಕ್ಷಣ ಥಿನ್ನರಿನ ಬಟ್ಟೆಯಲ್ಲಿ ಒರೆಸಿ, ಮೈ ಆರಿದ ಕೂಡಲೇ ಅಂಟಿಸಿ, ಹನ್ನೆರಡು ಕಡೆ ಬಿಗಿದ. ದಿಲೀಪ ಮತ್ತೆ ಮಂಡಿಗೆ ಒತ್ತಿ ನೋಡಿದ. ಅವನ ಮಂಡಿ ನೊಂದಿತು.

ಜೂನ್ ಮೊದಲ ವಾರ ಗಿಟಾರು ಸಿದ್ಧವಾಯಿತು. ಎರಡು ಹಲಸಿನ ಹಲಗೆ, ನಡುವೆ ಒನಕೆಯಲ್ಲೇ ಉಳಿದ ಕರಿ ಪಟ್ಟಿ, ಕತ್ತಿನ ಪಟ್ಟಿಗೆ ಸೇರಿ ತುದಿಯಿಂದ ತುದಿಗೆ ಒಂದೇ ಗೆರೆ. ದಿಲೀಪ ತಂತಿ ಬಿಗಿದು, ಕತ್ತಿನ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟ. ನಟ್ಟನಡುವೆ ಬೇಕೆಂದೇ ಬಿಟ್ಟಿದ್ದ ಕೂದಲೆಳೆಯಷ್ಟು ಸಂದಿಗೆ ತನ್ನ ವಿಸಿಟಿಂಗ್ ಕಾರ್ಡು ತೂರಿಸಿದ. ಬೀಳದ ಹಾಗೆ, ಸಿಕ್ಕದ ಹಾಗೆ, ಸರಿಯಾಗಿ ಕೂತಿತು. ಕಾರ್ಡಿನ ಹಿಂದೆ ತಾರೀಖು ಬರೆದ. ಕತ್ತಿನೊಳಗೆ ಒಂದು ಉಕ್ಕಿನ ಸರಳು ಇರುತ್ತದೆ, ಅದರ ತಿರುಪು ಬಿಗಿದರೆ ಬಗ್ಗಿದ ಕತ್ತು ನೆಟ್ಟಗಾಗುತ್ತದೆ. "ಇದನ್ನ ಮುಟ್ಟಂಗಿಲ್ಲ" ಅಂದ. ತನುಶ್ರೀ ಬ್ಯಾಗಿನಿಂದ ಕೆಂಪು ನೇಲ್ ಪಾಲಿಷ್ ತೆಗೆದು ತಿರುಪಿನ ಮೇಲೆ ಒಂದು ತೊಟ್ಟು ಹಾಕಿದಳು. ಅದೇ ಮುದ್ರೆ.

ಗಿಟಾರು ಶೆಡ್ಡಿನ ಗಳುವಿಗೆ ನೇತಾಡಿತು. ಮಳೆ ಹಿಡಿಯಿತು. ಮಹದೇವು ದಿನಾ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ, ತೊಲೆ ನೋಡುವ ಹಾಗೆ ಅದರ ಕತ್ತಿನುದ್ದಕ್ಕೂ ನೋಡುತ್ತಿದ್ದ. ದಿಲೀಪನಿಂದ ಕಾರ್ಡು ಇಸಕೊಂಡು ಇಟ್ಟುಕೊಂಡಿದ್ದ, ಉಕ್ಕಿನ ಪಟ್ಟಿ ತನ್ನ ಅಂಗಡಿಯದೇ ಇತ್ತು.

ಜುಲೈ ಕೊನೆಯಲ್ಲಿ ಒಂಬತ್ತು ದಿನ ಬಿಡದೆ ಹೊಯ್ಯಿತು. ಹತ್ತನೆಯ ದಿನ ಕಾರ್ಡು ತೂರಿಸಿದ. ಜಾರಿ ಕೆಳಗೆ ಬಿತ್ತು. ಇನ್ನೊಂದು ಸಲ ಇಟ್ಟ. ಮತ್ತೆ ಬಿತ್ತು. ಸಂದಿ ದೊಡ್ಡದಾಗಿತ್ತು. ಕತ್ತು ಬಗ್ಗಿತ್ತು.

ಅವತ್ತು ಇಬ್ಬರು ಗಿರಾಕಿಗಳನ್ನು ಓಡಿಸಿದ. ಮನೆಗೆ ಹೋಗಿ ಮುದ್ದೆ ಮುರಿಯದೆ ತಟ್ಟೆಯ ಮುಂದೆ ಕೂತ. ಅವನಿಗೆ ಮೀಸೆಯ ಚಿಂತೆ ಇತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ, ಮರದ ವಿಷಯದಲ್ಲಿ ತನ್ನ ಮಾತು ಬಿದ್ದು ಹೋದರೆ ತನ್ನ ಹತ್ತಿರ ಬೇರೆ ಏನಿದೆ ಅನ್ನಿಸಿಬಿಟ್ಟಿತ್ತು. ಓದಿಲ್ಲ, ಬರೆದಿಲ್ಲ, ನಯವಿಲ್ಲ.

"ಏನ್ಲಾ?" ಅಂದಳು ದೇವಿರಮ್ಮ. ಅವನು ಹೇಳಿದ.

ಅವಳು ಎದ್ದು ಹೋಗಿ ತನ್ನ ಅರ್ಧ ಒನಕೆ ತಂದು ಅವನ ಮುಂದೆ ಇಟ್ಟಳು. "ಈ ಬಳೆ ಅಳ್ಳಾಡ್ಸು." ಕಬ್ಬಿಣದ ಬಳೆ ಮರಕ್ಕೆ ಕಚ್ಚಿಕೊಂಡು ಕೂತಿತ್ತು. "ಶಿವರಾತ್ರೀಲಿ ನೋಡಿದ್ರೆ ಬೆರಳಲ್ಲೇ ತಿರುಗ್ತದೆ. ಅರವತ್ತು ವರ್ಷದಿಂದ ನೋಡ್ತಿವ್ನಿ. ಮಳೇಲಿ ಕುಡೀತದೆ, ಬಿಸ್ಲಲ್ಲಿ ಇಳಿಸ್ಕೊತದೆ. ನಿಮ್ಮಪ್ಪ ಇದ್ನಲ್ಲ, ಎಷ್ಟು ಕುಡಿದ್ರೂ ಮನೆ ದಾರಿ ತಪ್ಪಿದ್ದಿಲ್ಲ. ಹೊಸ್ದಾಗಿ ಕುಡಿಯೋನು ಚರಂಡೀಲಿ ಬಿದ್ದಿರ್ತಾನೆ. ಹಳೇ ಮರ ಕಣ್ಲಾ ಅದು. ಉಣ್ಣು."

ಮಹದೇವು ಉಂಡ. ಮಾರನೆಯ ದಿನ ಕಾರ್ಡನ್ನು ಚಾಮುಂಡೇಶ್ವರಿ ಫೋಟೊದ ಹಿಂದೆ ಸಿಕ್ಕಿಸಿಟ್ಟ. ಮತ್ತೆ ಮುಟ್ಟಲಿಲ್ಲ. ಕೆಂಪು ತೊಟ್ಟನ್ನಂತೂ ಮೊದಲೇ ಮುಟ್ಟಿರಲಿಲ್ಲ.

ಆಯುಧ ಪೂಜೆಯ ದಿನ ಶೆಡ್ಡು ತೊಳೆದು, ಗರಗಸ, ಉಜ್ಜುಗೊರಡು, ಬಾಚಿ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಿದ್ದರು. ದೇವಿರಮ್ಮ ಅರ್ಧ ಒನಕೆಗೆ ಚೆಂಡು ಹೂವು ಸುತ್ತಿ ತಂದು ನಿಲ್ಲಿಸಿದ್ದಳು. ಅದರ ಪಕ್ಕದಲ್ಲಿ ಗಿಟಾರು. ಹೇಳಿದ ಮಾತಿನಂತೆ ದಿಲೀಪ ಬಂದ, ಜೊತೆಗೆ ಅವತ್ತು ನಕ್ಕಿದ್ದ ಹುಡುಗರೂ ಬಂದರು. ಒಬ್ಬ ಜೇಬಿನಿಂದ ರೇಜರು ತೆಗೆದು ಮಹದೇವುವಿಗೆ ಕಾಣುವ ಹಾಗೆ ಸ್ಟೂಲಿನ ಮೇಲಿಟ್ಟ.

ದಿಲೀಪ ಮೊದಲು ಕೆಂಪು ತೊಟ್ಟು ನೋಡಿದ. ಬಿರುಕಿಲ್ಲ. ತಂತಿಗಳನ್ನು ಸ್ವರಕ್ಕೆ ತಂದ. ಉಕ್ಕಿನ ಪಟ್ಟಿ ಇಟ್ಟ. ಮಹದೇವು ಫೋಟೊದ ಹಿಂದಿನಿಂದ ಕಾರ್ಡು ತೆಗೆದು ಕೊಟ್ಟ.

ಕಾರ್ಡು ಸಂದಿಗೆ ಹೋಯಿತು. ದಿಲೀಪ ಬೆರಳು ಬಿಟ್ಟ. ಕಾರ್ಡು ಬೀಳಲಿಲ್ಲ. ಎಳೆದ, ಸಿಕ್ಕಲಿಲ್ಲ. ಮತ್ತೆ ತೂರಿಸಿ ಬಗ್ಗಿ, ಬೆಳಕಿಗೆ ಹಿಡಿದು ನೋಡಿದ. ಜೂನ್‌ನಲ್ಲಿ ಹೇಗಿತ್ತೋ ಹಾಗೇ ಇತ್ತು.

"ನಿಂತದೆ" ಅಂದ ದಿಲೀಪ.

"ಜೋರಾಗಿ ಹೇಳು."

"ನಿಂತದೆ ಕಣಣ್ಣ, ಬಗ್ಗಿಲ್ಲ."

ತನುಶ್ರೀ ತಾನು ತಂದಿದ್ದ ಸದ್ದಿನ ಪೆಟ್ಟಿಗೆಗೆ ವೈರು ಸಿಕ್ಕಿಸಿ ಒಂದೇ ತಂತಿ ಮೀಟಿದಳು. ಆ ಸದ್ದು ತಗಡಿಗೆ ಬಡಿದು ಗಲ್ಲಿಯ ತುದಿಯವರೆಗೆ ಹೋಯಿತು. ಬೇಗ ನಿಲ್ಲಲೂ ಇಲ್ಲ. ಆಮೇಲೆ ಆರೂ ತಂತಿಗಳನ್ನು ಒಟ್ಟಿಗೆ ಎಳೆದಳು. ಅರಿಶಿನ ಹಚ್ಚಿದ ಗರಗಸದ ಅಲಗು ತಾನೇ ಗುಂಯ್ ಅಂದಿತು. ಅಕ್ಕಪಕ್ಕದ ಅಂಗಡಿಯವರು ಪೂಜೆ ಬಿಟ್ಟು ಬಂದು ಬಾಗಿಲಲ್ಲಿ ನಿಂತರು. ದೇವಿರಮ್ಮ ಕಿವಿ ಮುಚ್ಚಿಕೊಂಡಳು, ಆದರೆ ಜಾಗ ಬಿಟ್ಟು ಏಳಲಿಲ್ಲ. "ಕುಟ್ಟೋವಾಗ ಇಷ್ಟು ಸದ್ದು ಮಾಡ್ತಿರ್ಲಿಲ್ಲ" ಅಂದಳು.

ಮಹದೇವು ಸ್ಟೂಲಿನ ಮೇಲಿದ್ದ ರೇಜರು ತೆಗೆದು ಅದನ್ನು ತಂದ ಹುಡುಗನ ಜೇಬಿಗೇ ಹಾಕಿದ. "ನಿನಗೆ ಮೀಸೆ ಬಂದಾಗ ಬೇಕಾಗ್ತದೆ, ಇಟ್ಕೊ."

ಹಲಸಿನ ಹಲಗೆ ಏಳು ಅಡಿ ಉದ್ದವಿತ್ತು. ಅಂಥದ್ದನ್ನೇ ಆರಿಸಿಟ್ಟಿದ್ದ. ದಿಲೀಪ ಟವೆಲ್ಲು ಮಡಚಿ ಹೆಗಲಿಗಿಟ್ಟುಕೊಂಡು ಹೊತ್ತ. ಮಹದೇವು ಹಿಂದಿನ ತುದಿಗೆ, ಲಾರಿಯಲ್ಲಿ ಉದ್ದದ ಸರಕು ಹೊರಗೆ ಚಾಚಿದಾಗ ಕಟ್ಟುವ ಹಾಗೆ, ಒಂದು ಕೆಂಪು ಬಟ್ಟೆ ಕಟ್ಟಿದ. ಹೂವು ಸುತ್ತಿದ ಬಸ್ಸು, ಆಟೋಗಳ ನಡುವೆ ಹೊರಟರು. ಮುಂದೆ ದಿಲೀಪ, ಹಿಂದೆ ಮಹದೇವು, ಅವನ ಪಕ್ಕದಲ್ಲಿ ಗಿಟಾರು ತೂಗುಹಾಕಿಕೊಂಡ ತನುಶ್ರೀ.

ಅರ್ಧ ದಾರಿಯಲ್ಲಿ ದಿಲೀಪ ತಿರುಗಿ ಕೇಳಿದ: "ಅಣ್ಣ, ಆ ಮನೆಯ ತೇಗ ಇನ್ನೂ ಎಷ್ಟು ಅದೆ?"

"ನೆಟ್ಟಗೆ ನೋಡ್ಕೊಂಡು ನಡಿ. ಅಂಚು ಗೋಡೆಗೆ ತಾಗಿದ್ರೆ ಮೊದ್ಲಿಂದ ಹೊರಿಸ್ತೀನಿ."

ಚಹಾದಂಗಡಿಯ ಮುಂದೆ ನಿಂತಿದ್ದವನೊಬ್ಬ, ಯಾವ ಮನೆಗೆ ಬಾಗಿಲು ಇದು ಎಂದು ಕೇಳಿದ. ಮಹದೇವು ಮೀಸೆಯ ಎರಡೂ ತುದಿ ಮೇಲಕ್ಕೆ ತಿರುವಿದ.

"ಬಾಗಿಲಲ್ಲ ಕಣಯ್ಯ" ಅಂದ. "ಗಿಟಾರು."