ಹಗೆ ತೀರಿಸಲು ನಡೆದವಳು

ಆರೋಗ್ಯಕ್ಕೆಂದು ನಡೆಯುವವರನ್ನು ಡೊಂಬಿವಲಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಮೂರು ತಿಂಗಳು ನಡೆಯುತ್ತಾರೆ, ನಾಲ್ಕನೆಯ ತಿಂಗಳು ಮಂಡಿನೋವು ಎಂದು ಮನೆಯಲ್ಲಿ ಕೂರುತ್ತಾರೆ. ನಾನೂ ಆ ಪೈಕಿಯೇ. ರತ್ನಾವತಿ ಮಾತ್ರ ಹತ್ತು ವರ್ಷದಿಂದ ನಡಿಗೆ ಬಿಟ್ಟಿಲ್ಲ, ಏಕೆಂದರೆ ಅವಳು ಆರೋಗ್ಯಕ್ಕೆ ನಡೆದವಳೇ ಅಲ್ಲ. ಒಬ್ಬ ಮನುಷ್ಯನ ಸೊಕ್ಕು ಮುರಿಯಲು ನಡೆದವಳು.

ಅವಳು ಉಡುಪಿಯ ಕಡೆಯವಳು, ನಾನು ಮೈಸೂರಿನವಳು. ರಬಾಳೆಯ ಒಂದು ಔಷಧಿ ಕಾರ್ಖಾನೆಯಲ್ಲಿ ಅವಳು ಪ್ಯಾಕಿಂಗ್, ನಾನು ಲ್ಯಾಬ್. ಬೆಳಿಗ್ಗೆ ಒಟ್ಟಿಗೆ ಲೋಕಲ್ ಹಿಡಿದು ಥಾಣೆಗೆ, ಅಲ್ಲಿ ಸೇತುವೆ ಹತ್ತಿಳಿದು ರಬಾಳೆಯ ಗಾಡಿಗೆ. ಸೇತುವೆಯ ಮೆಟ್ಟಿಲಲ್ಲಿ ಅವಳು ಎರಡು ಸಲ ನಿಲ್ಲುತ್ತಿದ್ದಳು. ಅವಳ ದೆಸೆಯಿಂದ ನನಗೂ ಗಾಡಿ ತಪ್ಪುತ್ತಿತ್ತು.

2008ರಲ್ಲಿ ಪ್ಯಾಕಿಂಗ್ ವಿಭಾಗದ ಶಿಫ್ಟ್ ಇನ್‌ಚಾರ್ಜ್ ಜಾಗ ಖಾಲಿಯಾಯಿತು. ಹದಿನಾಲ್ಕು ವರ್ಷ ದುಡಿದವಳು, ಅವಳಿಗೇ ಬರಬೇಕಾದದ್ದು. ಆದರೆ ಪರ್ಸನೆಲ್ ಆಫೀಸರ್ ಯಜ್ಞೇಶ್ವರ ಹೊಸ ನಿಯಮ ತಂದ. ಇನ್‌ಚಾರ್ಜ್ ಆಗುವವರು ಬೆಂಕಿ ಆರಿಸುವ ಸಿಲಿಂಡರ್ ಹೊತ್ತು, ಎಲ್ಲೂ ನಿಲ್ಲದೆ, ಮೂರನೆಯ ಮಹಡಿ ಮುಟ್ಟಬೇಕಂತೆ. ಅವನಿಗೆ ಬೇಕಾದವನೊಬ್ಬ ಹುರಿಯಾಳು ಬೇರೆ ಇದ್ದ, ಅದು ಎಲ್ಲರಿಗೂ ಗೊತ್ತಿತ್ತು. ಈ ಯಜ್ಞೇಶ್ವರ ಹೊರಗಿನವನಲ್ಲ, ಅವನೂ ಉಡುಪಿಯವನೇ. ಪ್ರತಿ ಭಾನುವಾರ ರತ್ನಾವತಿಯ ಗಂಡ ಶೇಖರನ ಹೋಟೆಲಿಗೆ ಬಂದು ಹೊಟ್ಟೆ ಬಿರಿಯ ತಿಂದು ಹೋಗುವವನು.

ಎಂಬತ್ತಾರು ಕಿಲೋ ತೂಗುತ್ತಿದ್ದ ರತ್ನಾವತಿ ಎರಡನೆಯ ಮಹಡಿಯಲ್ಲೇ ಕುಸಿದು ಕೂತಳು. ಯಜ್ಞೇಶ್ವರ ಕೆಳಗಿನಿಂದ ಎಲ್ಲರಿಗೂ ಕೇಳುವಂತೆ ಕೂಗಿದ: "ರತ್ನಕ್ಕ, ಬೆಂಕಿ ಬಿದ್ರೆ ನೀವು ಆರಿಸುದು ಬೇಡ. ನಿಮ್ಮನ್ನು ಹೊತ್ತು ತರ್ಲಿಕ್ಕೇ ನಾಲ್ಕು ಜನ ಬೇಕು!" ಇಡೀ ಪ್ಯಾಕಿಂಗ್ ವಿಭಾಗ ನಕ್ಕಿತು. ನನಗೂ ನಗು ಬಂತು. ಅದನ್ನು ಅವಳು ನೋಡಿದಳು.

ಸಂಜೆ ವಾಪಸು ಬರುವ ಗಾಡಿ ಮುಂಬ್ರಾ ದಾಟಿತು. ಆಗ ಅವಳು ಹೇಳಿದಳು: "ನಳಿನಿ, ಅವ ಎಲ್ಲರ ಎದುರು ಏದುಸಿರು ಬಿಡುದನ್ನು ನಾನು ನೋಡ್ಬೇಕು. ನೋಡದೆ ಸಾಯುದಿಲ್ಲ."

ಮರುದಿನವೇ ನಮ್ಮ ಕನ್ನಡದವರ ವಾಕಿಂಗ್ ಗುಂಪಿಗೆ ಸೇರಿದಳು. ಆ ಗುಂಪಿನ ಪದ್ಧತಿ ಏನೆಂದರೆ ಮೈದಾನಕ್ಕೆ ಮೂರು ಸುತ್ತು, ನಂತರ ನೇರ ಶೇಖರನ ಹೋಟೆಲಿಗೆ. ನಡೆದು ಹಸಿವಾಗಿದೆಯಲ್ಲ ಎಂದು ಇಡ್ಲಿ ವಡೆ, ಬನ್ಸ್, ಕೊನೆಗೆ ಸಕ್ಕರೆ ಮುಂದಾದ ಕಾಫಿ. ಮೂರು ತಿಂಗಳಾದ ಮೇಲೆ ಸ್ಟೇಷನ್ನಿನ ತೂಕದ ಮೆಷಿನ್‌ಗೆ ಒಂದು ರೂಪಾಯಿ ಹಾಕಿದಳು. ಚೀಟಿಯಲ್ಲಿ ಎಂಬತ್ತೆಂಟು ಬಂತು. ಚೀಟಿ ಹರಿದು ಎಸೆದು, ಗುಂಪಿಗೂ ಗಂಡನ ಹೋಟೆಲಿಗೂ ಒಟ್ಟಿಗೆ ಕೈಮುಗಿದಳು.

ನಾನೇ ಅವಳನ್ನು ಡಾಕ್ಟರ್ ಸಂಯುಕ್ತಾ ಹತ್ತಿರ ಕರೆದುಕೊಂಡು ಹೋದೆ. ರಕ್ತದಲ್ಲಿ ಸಕ್ಕರೆ ಏರಿತ್ತು. ಮಾತ್ರೆ ಬರೆದು ಡಾಕ್ಟರ್ ಹೇಳಿದರು: "ದಿನಾ ಅರ್ಧ ಗಂಟೆ ಚುರುಕಾಗಿ ನಡೀರಿ. ನಡೆಯುವಾಗ ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು. ಅದೇ ಸರಿಯಾದ ವೇಗ."

"ಬೈಲಿಕ್ಕೆ ಆಗ್ಬಹುದಾ ಡಾಕ್ಟ್ರೆ?" ಎಂದು ಇವಳು ಕೇಳಿದಳು.

ತಮಾಷೆಯಲ್ಲ, ಹಾಗೇ ಮಾಡಿದಳು. ಸಂಜೆ ಡೊಂಬಿವಲಿಯಲ್ಲಿ ಇಳಿಯದೆ ಮುಂದಿನ ಠಾಕುರ್ಲಿಗೆ ಹೋಗಿ, ಯಜ್ಞೇಶ್ವರನ ಮೂರು ತಲೆಮಾರನ್ನು ತುಳುವಿನಲ್ಲಿ ಬೈಯುತ್ತ ನಡೆದು ಬರುತ್ತಿದ್ದಳು. ಕೆಲವು ತಿಂಗಳಾದ ಮೇಲೆ ಮೆಟ್ಟಿಲು ಶುರುವಾಯಿತು. ಅವರ ಮನೆ ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿ. ಮೊದಲು ಬರಿಗೈಯಲ್ಲಿ, ಆಮೇಲೆ ಐದು ಕಿಲೋ ಅಕ್ಕಿಯ ಚೀಲದೊಂದಿಗೆ, ಕೊನೆಗೆ ಹತ್ತು ಕಿಲೋದ್ದು. "ಅಕ್ಕಿ ಮೇಲೆ ತರುದಾ, ಕೆಳಗೆ ಕೊಂಡೋಗುದಾ, ಒಂದು ಹೇಳು ಮಾರಾಯ್ತಿ" ಎಂದು ಶೇಖರ ತಲೆ ಚಚ್ಚಿಕೊಳ್ಳುತ್ತಿದ್ದ.

ಎರಡು ವರ್ಷದಲ್ಲಿ ಅರವತ್ತೇಳಕ್ಕೆ ಇಳಿದಳು. ಸಕ್ಕರೆ ಹಿಡಿತಕ್ಕೆ ಬಂತು, ಡಾಕ್ಟರ್ ಒಂದು ಮಾತ್ರೆ ಕಡಿಮೆ ಮಾಡಿದರು. ರಾತ್ರಿ ಒಳ್ಳೆಯ ನಿದ್ದೆ. ಥಾಣೆಯ ಸೇತುವೆಯಲ್ಲಿ ಈಗ ಅವಳು ನನಗಾಗಿ ಕಾಯಬೇಕಾಗಿತ್ತು. ಹಗೆಯಲ್ಲಿ ಇಷ್ಟೊಂದು ಔಷಧಿಯ ಗುಣ ಇದೆಯೆಂದು ಲ್ಯಾಬಿನಲ್ಲಿ ಕೆಲಸ ಮಾಡುವ ನನಗೂ ತಿಳಿದಿರಲಿಲ್ಲ.

2011ರಲ್ಲಿ ಆ ಜಾಗ ಮತ್ತೆ ಖಾಲಿಯಾಯಿತು. ಸಿಲಿಂಡರ್ ಹೊತ್ತು ಅವಳು ನಿಲ್ಲದೆ ಮೂರನೆಯ ಮಹಡಿ ಮುಟ್ಟಿದಳು. ಇನ್‌ಚಾರ್ಜ್ ಆದಳು. ಇಲ್ಲಿಗೆ ಮುಗಿಯಿತು ಎಂದು ನಾನು ಅಂದುಕೊಂಡೆ. ಅವಳು ಆ ನಿಯಮದ ಕಾಗದ ತೆಗೆದು ನನ್ನ ಮುಂದೆ ಹಿಡಿದಳು. ನ್ಯಾಯವಾಗಿ ಕಾಣಲಿ ಎಂದು ಯಜ್ಞೇಶ್ವರನೇ ಬರೆದಿದ್ದ: ಇನ್‌ಚಾರ್ಜ್ ಮತ್ತು ಅದಕ್ಕೆ ಮೇಲ್ಪಟ್ಟ ಎಲ್ಲರೂ. ಅದನ್ನು ಹಿಡಿದುಕೊಂಡು ನೇರ ಮ್ಯಾನೇಜರ್ ಬಳಿ ಹೋದಳು. ಅವರು ಪುಣೆಯವರು, ಓದಿ ನೋಡಿ "ಬರೋಬರ್ ಆಹೆ" ಅಂದು, ಸರಿಯಾಗಿದೆ, ಅವನೂ ಹತ್ತಲಿ ಎಂದು ಒಪ್ಪಿದರು.

ಶನಿವಾರ ಯಜ್ಞೇಶ್ವರ ಹತ್ತಿದ. ಮೊದಲ ಮಹಡಿಯಲ್ಲಿ ಕೈ ಬದಲಿಸಿದ. ಎರಡನೆಯದು ಮುಟ್ಟುವ ಮೊದಲೇ ಸಿಲಿಂಡರ್ ಇಳಿಸಿ ಗೋಡೆ ಹಿಡಿದ. ಅವನ ಏದುಸಿರು ಎಲ್ಲರಿಗೂ ಕೇಳುತ್ತಿತ್ತು. ಮೇಲಿನ ಕಟಕಟೆಗೆ ಒರಗಿ ರತ್ನಾವತಿ ಕಣ್ತುಂಬ ನೋಡಿದಳು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ?

ಆದರೆ ಅವನ ಮುಖ ಬಿಳಿಚಿತು, ಎದೆ ಹಿಡಿದುಕೊಂಡ. ಆಸ್ಪತ್ರೆಗೆ ಒಯ್ದರು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು, ಸ್ಟೆಂಟ್ ಹಾಕಿದರು.

ಎರಡು ತಿಂಗಳ ಮೇಲೆ ಅವನ ಹೆಂಡತಿ ಯಾಮಿನಿ ಹಣ್ಣು ಹಿಡಿದು ರತ್ನಾವತಿಯ ಮನೆಗೆ ಬಂದಳು. "ರತ್ನಕ್ಕ, ಕಾಯಿಲೆ ಈಗಲೇ ಗೊತ್ತಾದ್ದಕ್ಕೆ ಇವರು ಉಳಿದ್ರು. ದಿನಾ ನಡೀಬೇಕು ಹೇಳಿದ್ದಾರೆ ಡಾಕ್ಟ್ರು. ಒಬ್ರೇ ಹೋಗುದಿಲ್ಲ. ನಿಮ್ಮ ಒಟ್ಟಿಗೆ ಕರ್ಕೊಂಡು ಹೋಗ್ತೀರಾ?"

ರತ್ನಾವತಿ ಒಪ್ಪಿದಳು! ನನಗೆ ಮೈಯೆಲ್ಲ ಉರಿಯಿತು. ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋಗಿ ನೋಡಿದರೆ ಅವಳು ಮುಂದೆ, ಅವನು ಇಪ್ಪತ್ತು ಹೆಜ್ಜೆ ಹಿಂದೆ. ಅವನು ದಣಿದರೆ ನಿಲ್ಲುತ್ತಾಳೆ. ಹತ್ತಿರ ಬಂದನೋ, ಮತ್ತೆ ಹೊರಡುತ್ತಾಳೆ. ಅವನ ಮಾತ್ರೆಯ ಡಬ್ಬಿ ಅವಳ ಚೀಲದಲ್ಲಿ. ಸುತ್ತಲಿನವರು ಎಷ್ಟು ದೊಡ್ಡ ಮನಸ್ಸು ಎಂದು ಹೊಗಳುತ್ತಿದ್ದರು.

"ಕ್ಷಮಿಸಿಬಿಟ್ಟೆಯೇನೇ?" ಎಂದು ಬದಿಗೆ ಕರೆದು ಕೇಳಿದೆ.

"ಎಂಥ ಕ್ಷಮೆ?" ಅವಳು ಬೆವರು ಒರೆಸಿಕೊಂಡಳು. "ಒಂದೇ ದಿನ ನೋಡಿದ್ದು ನನಗೆ ಸಾಕಾಗ್ಲಿಲ್ಲ ನಳಿನಿ. ಅವ ನೂರು ವರ್ಷ ಬದುಕ್ಬೇಕು. ದಿನಾ ಬೆಳಿಗ್ಗೆ ಎದ್ದು ನನ್ನ ಬೆನ್ನು ನೋಡ್ಬೇಕು."