ಸೆರಗಿನಲ್ಲಿ ಕಂಡ ಮೀನು

ಎರಡೂ ಕೈಯಲ್ಲಿ ಸೆರಗು ಹಿಡಿದು, ಕಪ್ಪುಹಲಗೆಯ ಮುಂದೆ ಅಗಲಕ್ಕೆ ಹರಡಿ ನಿಂತರೆ ನಮ್ಮ ಜೀವಶಾಸ್ತ್ರದ ಮೇಡಂ ಸಾಕ್ಷಾತ್ ಮೀನೇ. "ಉದ್ದಕ್ಕಿಂತ ಅಗಲ ಜಾಸ್ತಿ, ಬಾಲ ಮಾತ್ರ ಚೋಟುದ್ದ. ಕರಾವಳಿ ಜನ ತೊರಕೆ ಅಂತಾರೆ. ಇದು ಚಿಟ್ಟೆ ತೊರಕೆ ಕಣ್ರಮ್ಮ. ಕೆಂಪು ಸಮುದ್ರದಿಂದ ನಮ್ಮ ಕರಾವಳಿ ಸುತ್ತಿ ಜಪಾನ್ ತನಕ ಇದರ ಸಂಸಾರ!" ಬಾಲ ತೋರಿಸಲು ಮೂರನೇ ಕೈ ಇಲ್ಲವಲ್ಲ ಎಂದು ತಾವೇ ನಗುತ್ತಿದ್ದರು. ಅದು ಎಂಬತ್ತರ ದಶಕದ ಚಿಂತಾಮಣಿ. ಗೌರಿಬಿದನೂರಿನ ಕಡೆಯವರಾದ ಮೇಡಂ ಆ ಮೀನನ್ನು ಚಿತ್ರದಲ್ಲಷ್ಟೇ ಕಂಡಿದ್ದರು. ಸಮುದ್ರವನ್ನಂತೂ ನೋಡಿಯೇ ಇರಲಿಲ್ಲ.

ಒಂದು ದಿನ, ಈ ಚಿಟ್ಟೆ ತೊರಕೆಯ ಮರಿ ಹೇಗೆ ಹುಟ್ಟುತ್ತೆ ಎಂದು ಕೇಳಿದರು. ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೆವು. ಚಿಟ್ಟೆ ಎಂದರೆ ನನಗೆ ಗೊತ್ತಿದ್ದದ್ದು ಅದೊಂದೇ. ಎದ್ದು ನಿಂತು, "ಗೂಡು ತೂತು ಮಾಡ್ಕೊಂಡು ಹೊರಗೆ ಬರುತ್ತೆ ಮೇಡಂ" ಎಂದುಬಿಟ್ಟೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. ಗಾಜಿನ ಭರಣಿಯಲ್ಲಿದ್ದ ಶಾರ್ಕ್ ಮರಿಯನ್ನು ತೆಗೆದು ನನ್ನ ಅಂಗೈಗಿಟ್ಟರು.

"ಒತ್ತಿ ನೋಡಮ್ಮ. ಗಟ್ಟಿ ಎಲುಬಿಲ್ಲ, ನಿನ್ನ ಕಿವಿ ಥರ ಮೆದು. ತೊರಕೇನೂ ಹಿಂಗೇ, ಇದರ ನೆಂಟ. ಗೂಡೂ ಇಲ್ಲ ಏನೂ ಇಲ್ಲ, ಮರೀನೇ ಹಾಕುತ್ತೆ. ಹೆಸರು ಜನ ಇಟ್ಟಿದ್ದು. ವರ್ಗ ಗೊತ್ತಾಗೋದು ಒಳಗೆ ನೋಡಿದ್ಮೇಲೆ."

ಆ ಮೆದುವಾದ ಮರಿ ನನ್ನನ್ನು ಹಿಡಿದುಬಿಟ್ಟಿತು. ಮಂಗಳೂರಿಗೆ ಹೋಗಿ ಮೀನಿನ ವಿಷಯವೇ ಓದಬೇಕೆಂಬ ಆಸೆ ಹುಟ್ಟಿತು. ಪಿಯುಸಿ ಮುಗಿದದ್ದೇ ಅಪ್ಪ ಓದು ಸಾಕೆಂದರು. ಸುದ್ದಿ ತಿಳಿದು ಮೇಡಂ ಬಸ್ಸು ಹಿಡಿದು ಮನೆಗೇ ಬಂದರು.

"ನಮ್ಮ ಕಡೆ ಹುಡುಗಿ ಸಮುದ್ರದ ಮೀನು ಓದಿ ಏನ್ ಮಾಡ್ತಾಳೆ ಮೇಡಂ?" ಎಂದರು ಅಪ್ಪ.

ಮೇಡಂ ಹುಳದ ತಟ್ಟೆ ತೋರಿಸಿದರು. "ಈ ಹುಳ ಯಾವೂರದ್ದು ಯಜಮಾನ್ರೇ?"

"ನಮ್ದೇ."

"ಚೀನಾದ್ದು. ಅಷ್ಟು ದೂರದಿಂದ ಬಂದು ನಿಮ್ಮನೇಲಿ ಗೂಡು ಕಟ್ತಾ ಇದೆ. ನಿಮ್ಮ ಮಗಳಿಗೆ ಮಂಗಳೂರು ದೂರ ಆಯ್ತಾ?"

ಅಪ್ಪ ಹುಳಗಳನ್ನೇ ನೋಡುತ್ತ ಕೂತರು. ಕೊನೆಗೆ, "ಪೋನೀ, ಹೋಗ್ಲಿ ಬಿಡಿ" ಎಂದರು.

ಮಂಗಳೂರಿನ ಬಂದರಿನಲ್ಲಿ, ಹೆಂಗಸೊಬ್ಬಳ ಬುಟ್ಟಿಯಾಚೆಗೂ ಚಾಚಿಕೊಂಡಿದ್ದ ಮೀನನ್ನು ಕಂಡೊಡನೆ ಗುರುತಿಸಿದೆ. ಅದು ನಮ್ಮ ಮೇಡಂ ಸೆರಗು! ರಜೆಗೆ ಬಂದಾಗ ಓಡಿಹೋಗಿ ಹೇಳಿದೆ.

"ಬಾಲ ಚೋಟುದ್ದಾನೇ ಇತ್ತೇನೇ?"

"ಹೂಂ ಮೇಡಂ."

"ಸದ್ಯ, ಸರಿಯಾಗೇ ಹೇಳ್ಕೊಟ್ಟಿದ್ದೀನಿ" ಎಂದು ಕಣ್ಣೊರೆಸಿಕೊಂಡರು.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ತೀರಿಕೊಂಡರು, ಸಮುದ್ರ ನೋಡದೆಯೇ. ನಾನೀಗ ಪಾಠ ಮಾಡುವ ಕಾಲೇಜಿನ ಕಿಟಕಿಯಿಂದ ಸಮುದ್ರ ಕಾಣುತ್ತದೆ; ಹೇಳಿದರೆ ಮೀನೂ ಬರುತ್ತದೆ. ಆದರೂ ತೊರಕೆಯ ಪಾಠದ ದಿನ ಮೀನನ್ನು ಬದಿಗಿಟ್ಟು, ಮೊದಲು ಸೆರಗು ಹರಡುತ್ತೇನೆ.